ಮೂಳೆ ಕೂಡಿತು, ನೆಲ ದೂರವಾಯಿತು

ಬೂಟು, ಕಾಲುಚೀಲ ಸಲೀಸಾಗಿ ಹಾಕಿಕೊಳ್ಳಲು ಬರುತ್ತದೆಯೇ? ಬಂದರೆ 4 ಅಂಕ. ತಿಣುಕಾಡಿ ಹಾಕಿಕೊಂಡರೆ 2. ಆಗುವುದೇ ಇಲ್ಲವೆಂದರೆ ಸೊನ್ನೆ. ಮಾಮೂಲಿ ಕುರ್ಚಿಯಲ್ಲಿ ಒಂದು ಗಂಟೆ ನೆಮ್ಮದಿಯಾಗಿ ಕೂತರೆ 5. ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿಳಿದರೆ 4. ಬಸ್ಸು, ರೈಲು ಹತ್ತಲು ಆದರೆ 1.

ಸೊಂಟದ ಕೀಲಿಗೆ ಪೆಟ್ಟು ಬಿದ್ದವರು ಎಷ್ಟರಮಟ್ಟಿಗೆ ಸುಧಾರಿಸಿದ್ದಾರೆ ಎಂದು ನೋಡಲು ಮೂಳೆ ವೈದ್ಯರು ಬಳಸುವ 'ಹ್ಯಾರಿಸ್ ಹಿಪ್ ಸ್ಕೋರ್' ಎಂಬ ನೂರು ಅಂಕಗಳ ಪಟ್ಟಿಯ ಪ್ರಶ್ನೆಗಳಿವು. ಅಮೆರಿಕದ ಬಾಸ್ಟನ್ನಿನ ವೈದ್ಯ ವಿಲಿಯಂ ಹ್ಯಾರಿಸ್ 1969ರಲ್ಲಿ ಇದನ್ನು ಪ್ರಕಟಿಸಿದರು. ಅಪಘಾತದಲ್ಲಿ ಕೀಲು ಜಾರಿ, ಅದರ ಬಟ್ಟಲು ಒಡೆದು, ವರ್ಷಗಳ ಮೇಲೆ ಕೀಲು ಸವೆದು ಬಂದವರಿಗೆ ತಾವು ಮಾಡಿದ ಶಸ್ತ್ರಚಿಕಿತ್ಸೆ ಎಷ್ಟು ಫಲ ಕೊಟ್ಟಿತು ಎಂದು ತಿಳಿಯಬೇಕಿತ್ತು ಅವರಿಗೆ. ನೋವಿಗೆ 44 ಅಂಕ, ಓಡಾಟ ಮತ್ತು ದಿನದ ಕೆಲಸಗಳಿಗೆ 47, ಕೀಲು ಎಷ್ಟು ಮಡಚುತ್ತದೆ ಎಂಬುದಕ್ಕೆ 5, ಕಾಲು ಸೊಟ್ಟಗಾಗಿಲ್ಲವೇ ಎಂಬುದಕ್ಕೆ 4. ಅರ್ಧ ಶತಮಾನ ದಾಟಿದರೂ ಪಟ್ಟಿ ಚಾಲ್ತಿಯಲ್ಲಿದೆ. ನಮ್ಮ ಮೆಡಿಕಲ್ ಕಾಲೇಜುಗಳ ಎಂ.ಎಸ್. ಪ್ರಬಂಧಗಳಲ್ಲೂ ಸೊಂಟದ ಆಪರೇಷನ್ನಿನ ಫಲಿತಾಂಶವೆಂದರೆ ಬಹುಮಟ್ಟಿಗೆ ಇದೇ ಅಂಕ.

ಪಟ್ಟಿ ಕೆಟ್ಟದ್ದೆಂದು ಹೇಳುತ್ತಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಓದಿದರೂ ಅದರಲ್ಲಿ ನೆಲ ಎಲ್ಲೂ ಸಿಗುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರುತ್ತೀರಾ ಎಂದು ಕೇಳುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಯಾರ ಕೈಯನ್ನೂ ಹಿಡಿಯದೆ ಏಳುತ್ತೀರಾ ಎಂದು ಕೇಳುವುದಿಲ್ಲ. ಬೀಡಿಯ ಮೊರ ತೊಡೆಯ ಮೇಲಿಟ್ಟುಕೊಂಡು ಕೂರುವ ಬಂಟ್ವಾಳದ ಹೆಂಗಸು, ಕುಣಿಮಗ್ಗಕ್ಕೆ ಕಾಲಿಳಿಸುವ ಗುಳೇದಗುಡ್ಡದ ನೇಕಾರ, ಸಸಿ ನೆಡಲು ಗದ್ದೆಯಲ್ಲಿ ಬಗ್ಗುವ ಮಂಡ್ಯದ ಕೂಲಿಯವಳು, ಮಸೀದಿಯಲ್ಲಿ ಮಂಡಿಯೂರುವ ಮುದುಕ, ಇವರೆಲ್ಲರ ದಿನ ನೆಲದ ಮೇಲೆ ನಡೆಯುತ್ತದೆ. ಊರ ಕಡೆಯ ಕಕ್ಕಸಿನ ಮಾತು ಬೇರೆ ಹೇಳಬೇಕಿಲ್ಲ. ನಡೆಯಲು ಸೊಂಟದ ಕೀಲು ಮೂವತ್ತು ನಲವತ್ತು ಡಿಗ್ರಿ ಮಡಚಿದರೆ ಸಾಕು, ಕುರ್ಚಿಯಲ್ಲಿ ಕೂರಲು ತೊಂಬತ್ತರ ಆಸುಪಾಸು. ಕುಕ್ಕರಗಾಲಿಗೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಹ್ಯಾರಿಸ್ ಪಟ್ಟಿಯಲ್ಲಿ 90 ದಾಟಿ 'ಅತ್ಯುತ್ತಮ' ಎನಿಸಿಕೊಂಡ ರೋಗಿ ಆಪರೇಷನ್ ಆದಮೇಲೆ ಒಮ್ಮೆಯೂ ಪಂಕ್ತಿಯಲ್ಲಿ ಕೂತು ಉಂಡಿರದೆ ಇರಬಹುದು. ಎಕ್ಸ್‌ರೇಯಲ್ಲಿ ಕೂಡಿದ ಮೂಳೆಗೂ ಮನೆಯಲ್ಲಿ ಕೂಡದ ಬದುಕಿಗೂ ನಡುವೆ ಇರುವ ಈ ಅಂತರ ನಮ್ಮ ಆಸ್ಪತ್ರೆಗಳ ಲೆಕ್ಕಕ್ಕೆ ಬರುವುದಿಲ್ಲ, ನನ್ನ ತಕರಾರು ಇಷ್ಟೇ.

ಮನೆಯವರ ಬಾಯಲ್ಲಿ ಎಲ್ಲಕ್ಕೂ 'ಸೊಂಟ ಮುರಿದಿದೆ' ಎಂಬ ಒಂದೇ ಮಾತು. ಒಳಗೆ ಆಗಿರುವುದು ಮೂರು ಬಗೆಯದು. ವಯಸ್ಸಾದವರು ಬಚ್ಚಲಲ್ಲೋ ಮಂಚದ ಪಕ್ಕದಲ್ಲೋ ಬಿದ್ದಾಗ ಮುರಿಯುವುದು ಸಾಮಾನ್ಯವಾಗಿ ತೊಡೆಮೂಳೆಯ ಮೇಲ್ತುದಿ. ಕೀಲಿನ ಚೆಂಡನ್ನು ಹೊತ್ತ ಕತ್ತು ಮುರಿಯಬಹುದು, ಇಲ್ಲವೇ ಅದರ ಕೆಳಗಿನ ಗಂಟುಗಳ ಜಾಗ. ಗಂಟಿನ ಜಾಗದಲ್ಲಿ ರಕ್ತ ಸಂಚಾರ ಚೆನ್ನಾಗಿದೆ, ರಾಡ್ ಹಾಕಿದರೆ ಕೂಡುತ್ತದೆ. ಕತ್ತಿನದು ಹಾಗಲ್ಲ. ಚೆಂಡಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಆ ಕತ್ತನ್ನು ತಬ್ಬಿಕೊಂಡೇ ಮೇಲೇರುತ್ತವೆ. ಮೂಳೆ ಮುರಿದು ಜರುಗಿದರೆ ಅವೂ ಹರಿದುಹೋಗಿ, ಚೆಂಡು ನಿಧಾನಕ್ಕೆ ಸಾಯತೊಡಗುತ್ತದೆ. ವಯಸ್ಸಾದವರಿಗೆ ಮುರಿದ ಚೆಂಡನ್ನು ತೆಗೆದುಹಾಕಿ ಲೋಹದ್ದನ್ನು ಕೂರಿಸುವುದು, ಅಂದರೆ ಜನ ಹೇಳುವ 'ಬಾಲ್ ಚೇಂಜ್', ಇದೇ ಕಾರಣಕ್ಕೆ.

ಎರಡನೆಯದು ಆ ಚೆಂಡು ಕೂರುವ ಬಟ್ಟಲು ಒಡೆಯುವುದು. ಕಾರು ಗುದ್ದಿದಾಗ ಮುಂದೆ ಕೂತವರ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯುತ್ತದೆ, ತೊಡೆಮೂಳೆ ಹಿಂದಕ್ಕೆ ನೂಕಿಕೊಂಡು ಬಟ್ಟಲಿನ ಹಿಂಗೋಡೆಯನ್ನು ಒಡೆದು ಹೊರಬೀಳುತ್ತದೆ. ಮೂರನೆಯದು ಬಟ್ಟಲುಗಳೆರಡೂ ಇರುವ ಪೆಲ್ವಿಸ್ ಎಂಬ ಮೂಳೆಯ ಬಳೆಯೇ ಮುರಿಯುವುದು. ಕೋಡುಬಳೆಯನ್ನು ಒಂದೇ ಕಡೆ ಮುರಿಯಲು ಹೋಗಿ ನೋಡಿ, ಇನ್ನೊಂದು ಕಡೆಯೂ ಬಿಟ್ಟುಕೊಳ್ಳುತ್ತದೆ. ಬಳೆಯ ಒಳಗಿರುವುದು ಮೂತ್ರಕೋಶ, ಮೂತ್ರನಾಳ, ದೊಡ್ಡ ರಕ್ತನಾಳಗಳು, ಕಾಲಿಗೂ ಜನನಾಂಗಕ್ಕೂ ಹೋಗುವ ನರಗಳು. ಲಾರಿ ಚಕ್ರಕ್ಕೆ ಸಿಕ್ಕವರು, ಕಟ್ಟಡದ ಸಾರುವೆಯಿಂದ ಬಿದ್ದವರು, ಮಲೆನಾಡು ಕರಾವಳಿಯಲ್ಲಿ ಅಡಿಕೆ ಮರದಿಂದ ಬಿದ್ದವರು ಹೀಗೆ ಬರುತ್ತಾರೆ.

ಮುದಿವಯಸ್ಸಿನ ಮುರಿತದಿಂದ ಶುರುಮಾಡೋಣ, ಏಕೆಂದರೆ ಇದರ ಲೆಕ್ಕ ಚೆನ್ನಾಗಿ ಸಿಗುತ್ತದೆ, ಮತ್ತು ಲೆಕ್ಕ ಚೆನ್ನಾಗಿಲ್ಲ. ಸೊಂಟ ಮುರಿದುಕೊಂಡ ಹಿರಿಯರಲ್ಲಿ ವರ್ಷ ತುಂಬುವುದರೊಳಗೆ ಸರಿಸುಮಾರು ನಾಲ್ಕೈದು ಮಂದಿಗೆ ಒಬ್ಬರು ತೀರಿಕೊಳ್ಳುತ್ತಾರೆ ಎಂಬುದು ಅನೇಕ ದೇಶಗಳ ಅನುಭವ. ಉಳಿದವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬೀಳುವ ಮೊದಲು ಹೇಗೆ ನಡೆಯುತ್ತಿದ್ದರೋ ಹಾಗೆ ಮತ್ತೆ ನಡೆಯುವುದಿಲ್ಲ. ತೋಟದವರೆಗೆ ಹೋಗುತ್ತಿದ್ದವರು ಅಂಗಳಕ್ಕೆ ಬಂದು ನಿಲ್ಲುತ್ತಾರೆ, ಅಂಗಳದವರು ನಡುಮನೆಗೆ.

ಇದು ಎಷ್ಟು ಭಯ ಹುಟ್ಟಿಸುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದ ಒಂದು ಅಧ್ಯಯನ ಬಹಳ ಪ್ರಸಿದ್ಧ. 2000ನೇ ಇಸವಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಎಪ್ಪತ್ತೈದು ದಾಟಿದ, ಬೀಳುವ ಅಪಾಯವಿದ್ದ 194 ಹೆಂಗಸರನ್ನು ಮಾತಾಡಿಸಿದರು: ಸೊಂಟ ಮುರಿದು, ಸ್ವತಂತ್ರವಾಗಿ ಬದುಕಲಾಗದೆ, ಶುಶ್ರೂಷಾಲಯ ಸೇರಬೇಕಾಗಿ ಬಂದರೆ ಅಂಥ ಬದುಕಿಗೆ ಎಷ್ಟು ಬೆಲೆ ಕಟ್ಟುತ್ತೀರಿ? ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0 ಎಂಬ ಅಳತೆಯಲ್ಲಿ ಸರಾಸರಿ ಉತ್ತರ 0.05. ನೂರಕ್ಕೆ ಎಂಬತ್ತು ಮಂದಿ ಅದಕ್ಕಿಂತ ಸಾವೇ ವಾಸಿ ಎಂದಿದ್ದರು.

ಈ ಅಂಕಿಯನ್ನು ಭಾಷಣಗಳಲ್ಲಿ ಎತ್ತಿ ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಉತ್ತರ ಕೊಟ್ಟವರು ಆ ಸ್ಥಿತಿಯನ್ನು ಊಹಿಸಿಕೊಂಡು ಕೊಟ್ಟದ್ದು. ನಿಜವಾಗಿ ಮುರಿದುಕೊಂಡವರನ್ನು ತಿಂಗಳುಗಳ ನಂತರ ಕೇಳಿದ ಅಧ್ಯಯನಗಳಲ್ಲಿ ಬರುವ ಬೆಲೆ ಇಷ್ಟು ಪಾತಾಳಕ್ಕಿಳಿಯುವುದಿಲ್ಲ. ಮನುಷ್ಯ ಹೊಂದಿಕೊಳ್ಳುತ್ತಾನೆ. ಮೊದಲ ವಾರ ಬೆಡ್‌ಪ್ಯಾನ್‌ಗೆ ನಾಚಿ ಮುಖ ತಿರುಗಿಸಿದ ಅಜ್ಜಿ ಮೂರನೇ ತಿಂಗಳಿಗೆ ವಾಕರಿನ ಅಡ್ಡಪಟ್ಟಿಗೆ ತನ್ನ ಎಲೆಅಡಿಕೆ ಚೀಲ ಕಟ್ಟಿಕೊಂಡಿರುತ್ತಾಳೆ. ಹೊಂದಿಕೊಳ್ಳುವುದು ಒಳ್ಳೆಯದೇ. ಆದರೆ ಅದರಲ್ಲೊಂದು ಮೋಸವೂ ಇದೆ: 'ಹೇಗಿದ್ದೀರಿ' ಎಂದರೆ 'ಹೂಂ, ಇದ್ದೀನಪ್ಪ' ಎನ್ನುವ ಉತ್ತರವನ್ನು ಚೇತರಿಕೆ ಎಂದು ನಾವು ಬರೆದುಕೊಂಡುಬಿಡುತ್ತೇವೆ.

ಚೇತರಿಕೆಗೆ ಒಂದು ಗಡುವಿದೆ, ಇದನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹಿರಿಯರಲ್ಲಿ ಸುಧಾರಣೆಯ ದೊಡ್ಡ ಪಾಲು ಆಗುವುದು ಮೊದಲ ನಾಲ್ಕು ತಿಂಗಳಲ್ಲಿ. ಆಮೇಲೂ ಸ್ವಲ್ಪ ಸ್ವಲ್ಪ ಏರುತ್ತದೆ, ಆದರೆ ಏರುವ ವೇಗ ಇಳಿಯುತ್ತದೆ. ನಮ್ಮಲ್ಲಿ ಆ ನಾಲ್ಕು ತಿಂಗಳಲ್ಲಿ ಮೂರು ತಿಂಗಳು ಮಂಚದ ಮೇಲೆಯೇ ಕಳೆದುಹೋಗುತ್ತದೆ. 'ಆಪರೇಷನ್ ಆಗಿದೆ, ಅಲುಗಾಡಿಸಬೇಡಿ', 'ರಾಡ್ ಬಾಗಿಬಿಟ್ಟೀತು', 'ಅವರಿಗೇನು ಕೆಲಸ, ಮಲಗಿರಲಿ ಬಿಡಿ'. ನೋಡಲು ಬಂದ ನೆಂಟರೆಲ್ಲ ಇದನ್ನೇ ಹೇಳಿ, ಎರಡು ಎಳನೀರು ಇಟ್ಟು ಹೋಗುತ್ತಾರೆ. ನಿಜ ಏನೆಂದರೆ, ರಾಡ್ ಹಾಕುವುದೇ, ಚೆಂಡು ಬದಲಿಸುವುದೇ ರೋಗಿಯನ್ನು ಬೇಗ ಎಬ್ಬಿಸಿ ನಿಲ್ಲಿಸಲೆಂದು. ವೈದ್ಯರು ಬೇಡವೆಂದು ನಿರ್ದಿಷ್ಟವಾಗಿ ಹೇಳದಿದ್ದರೆ ಮಾರನೆಯ ದಿನವೇ ಕಾಲೂರಿ ನಿಲ್ಲಿಸುವುದು ಇವತ್ತಿನ ರೂಢಿ. ಮಲಗಿಸಿದಷ್ಟೂ ತೊಡೆಯ ಸ್ನಾಯು ಕರಗುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ. ಸೊಂಟ ಮುರಿದವರನ್ನು ಕೊಲ್ಲುವುದು ಬಹುಪಾಲು ಈ ಮಲಗಾಟ.

ಆಪರೇಷನ್ನೇ ತಡವಾಗುವುದು ಇನ್ನೊಂದು ಕಥೆ. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ 'ಹಿಪ್ ಅಟ್ಯಾಕ್' ಪ್ರಯೋಗದಲ್ಲಿ ಭಾರತವೂ ಸೇರಿ 17 ದೇಶಗಳ ಸುಮಾರು 3,000 ರೋಗಿಗಳಿದ್ದರು. ಮುರಿತ ಪತ್ತೆಯಾದ ಆರು ಗಂಟೆಯ ಆಸುಪಾಸಿನಲ್ಲೇ ಕೊಯ್ದರೆ, ಇಪ್ಪತ್ತನಾಲ್ಕು ಗಂಟೆಗೆ ಕೊಯ್ಯುವುದಕ್ಕಿಂತ ಸಾವು ಕಡಿಮೆಯಾಗುತ್ತದೆಯೇ ಎಂದು ನೋಡಿದರು. ಸಾವಿನಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ಬೇಗ ಆಪರೇಷನ್ ಆದವರಲ್ಲಿ ಬುದ್ಧಿಭ್ರಮೆ ಮಾತ್ರ ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ಅಲ್ಲಿ ಚರ್ಚೆ ಆರು ಗಂಟೆಯೋ ಇಪ್ಪತ್ತನಾಲ್ಕೋ ಎಂದು. ನಮ್ಮಲ್ಲಿ ಎಷ್ಟೋ ಮಂದಿ ಮೊದಲು ನಾಟಿ ವೈದ್ಯರ ಕಟ್ಟು ಹಾಕಿಸಿಕೊಂಡು, ಆಮೇಲೆ ದುಡ್ಡು ಹೊಂದಿಸಿಕೊಂಡು, ವಾರ ಕಳೆದು ಬರುತ್ತಾರೆ. ಕೈ ಮುರಿದಾಗ ಪುತ್ತೂರು ಕಟ್ಟಿಗೆ ಓಡುವವರ ಜೊತೆ ಜಗಳ ಮಾಡುವ ಉಮೇದು ನನಗಿಲ್ಲ. ಸೊಂಟದ ಕೀಲಿನ ವಿಷಯದಲ್ಲಿ ಮಾತ್ರ ಕಟ್ಟು, ಎಣ್ಣೆ, ಬಲವಂತದ ಎಳೆತ ಮೂರೂ ಹಾನಿಯೇ. ಪೆಟ್ಟಾದ ಕೀಲನ್ನು ಹಾಗೆ ತಿಕ್ಕಿದರೆ ಮಾಂಸದೊಳಗೇ ಹೊಸ ಮೂಳೆ ಬೆಳೆದು ಕೀಲು ಬಿಗಿದುಕೊಳ್ಳುವುದುಂಟು.

ಇನ್ನು ಮನೆ. ನಮ್ಮ ಸೋದರತ್ತೆಗೆ ಚೆಂಡು ಬದಲಿಸಿ ಮನೆಗೆ ಕರೆತಂದ ದಿನ ಎಲ್ಲವೂ ಸಿದ್ಧವಾಗಿತ್ತು ಎಂದುಕೊಂಡಿದ್ದೆವು. ಹೊಸ ವಾಕರ್, ಎತ್ತರದ ಮಂಚ, ಔಷಧದ ಚೀಲ. ಸಂಜೆ ಬಚ್ಚಲಿಗೆ ಹೊರಟರು. ವಾಕರ್ ಬಾಗಿಲಲ್ಲಿ ನಿಂತಿತು. ಹಳೆಯ ಮನೆ, ಬಚ್ಚಲ ಬಾಗಿಲು ಕಿರಿದು, ವಾಕರಿನ ಕಾಲುಗಳು ಅದಕ್ಕಿಂತ ಎರಡು ಬೆರಳು ಅಗಲ. ಅಡ್ಡ ತಿರುಗಿಸಿ ತೂರಿಸಿದರೆ ಮುಂದೆ ಹೊಸ್ತಿಲು. ಹೊಸ್ತಿಲ ಆಚೆ ಬಚ್ಚಲ ನೆಲ ಒಂದು ಗೇಣು ತಗ್ಗು, ನೀರು ಹೊರಬರದಿರಲಿ ಎಂದು ಕಟ್ಟಿದ್ದು. ಎರಡು ಲಕ್ಷದ ಆಪರೇಷನ್ ಆ ಗೇಣು ತಗ್ಗಿನ ಮುಂದೆ ನಿಂತುಹೋಯಿತು. 'ನನಗೆ ಅರ್ಜೆಂಟೇನಿಲ್ಲ ಬಿಡ್ರೋ' ಎಂದು ಅತ್ತೆ ಹಿಂದಕ್ಕೆ ಬಂದು ಕೂತರು. ಆಮೇಲೆ ಮೇಸ್ತ್ರಿ ಬಂದು ಹೊಸ್ತಿಲು ತೆಗೆದ, ತಗ್ಗಿಗೆ ಇಳಿಜಾರು ಮಾಡಿ ಒರಟು ಸಿಮೆಂಟ್ ಹಾಕಿದ, ಗೋಡೆಗೆ ಒಂದು ಪೈಪನ್ನು ಕಂಬಿಯಾಗಿ ಬಿಗಿದ. ಅರ್ಧ ದಿನದ ಕೆಲಸ. ಅತ್ತೆ ಬಿದ್ದದ್ದೂ ಅದೇ ಹೊಸ್ತಿಲು ಎಡವಿ ಎಂಬುದನ್ನು ಆವರೆಗೆ ಯಾರೂ ಯೋಚಿಸಿಯೇ ಇರಲಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಜೊತೆ 'ಬಚ್ಚಲ ಬಾಗಿಲ ಅಗಲ ಅಳೆದು ಬನ್ನಿ' ಎಂದು ಒಂದು ಸಾಲು ಏಕಿರಬಾರದು? ವಾಕರ್ ಕೊಳ್ಳುವ ಮುಂಚೆ ಟೇಪು ಹಿಡಿಯುವುದು, ಕಕ್ಕಸಿನ ಮೇಲೆ ಇಡಲು ಕಮೋಡ್ ಕುರ್ಚಿ ತರುವುದು, ರಾತ್ರಿ ದೀಪ ಉರಿಸುವುದು, ಹಿಂಬದಿ ಪಟ್ಟಿ ಇಲ್ಲದ ಹವಾಯಿ ಚಪ್ಪಲಿ ಬಿಡಿಸುವುದು, ಇಂಥವೆಲ್ಲ ದೊಡ್ಡ ವಿದ್ಯೆಯಲ್ಲ.

ಚೀಟಿಯಲ್ಲಿ ಬಿಟ್ಟುಹೋಗುವ ಇನ್ನೊಂದು ಸಾಲು ಮೂಳೆ ಸವಕಳಿಯ ಔಷಧಿಯದು. ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿಯಿತೆಂದರೆ ಮೂಳೆ ಟೊಳ್ಳಾಗಿದೆ ಎಂದೇ ಅರ್ಥ, ಇನ್ನೊಂದು ಕಡೆಯ ಸೊಂಟವೂ ಸಾಲಿನಲ್ಲಿದೆ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೊಂಟದ ಆಪರೇಷನ್ ಆದ 2,127 ಮಂದಿಯಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಮ್ಮೆ ಝೋಲೆಡ್ರಾನಿಕ್ ಆಸಿಡ್ ಡ್ರಿಪ್ ಕೊಟ್ಟರು. ಹೊಸ ಮುರಿತಗಳು ಶೇ. 35ರಷ್ಟು ಕಡಿಮೆಯಾದವು. ಸಾವು 100ಕ್ಕೆ 13.3 ಇದ್ದದ್ದು 9.6ಕ್ಕೆ ಇಳಿಯಿತು. ಮುರಿದ ಮೂಳೆಯನ್ನು ಕೂಡಿಸಿ, ಮುರಿದದ್ದೇಕೆ ಎಂದು ವಿಚಾರಿಸದೆ ಮನೆಗೆ ಕಳಿಸುವುದು ನಮ್ಮಲ್ಲಿ ಇನ್ನೂ ತೀರ ಮಾಮೂಲು. ಮೂತ್ರಪಿಂಡ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಕೊಂಡು ಕೊಡಬೇಕಾದ ಔಷಧಿ ಇದು. ಆದರೆ ಕೇಳದೆ ಯಾರೂ ಕೊಡರು.

ಅತ್ತೆಯ ಸೊಂಟಕ್ಕೆ ಅಂಕ ಹಾಕುವವರು ಅವರ ಸೊಸೆಯ ಸೊಂಟವನ್ನು ನೋಡುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎತ್ತುವುದು, ಕೂರಿಸುವುದು, ತೊಳೆಯುವುದು, ರಾತ್ರಿ ಎರಡು ಸಲ ಏಳುವುದು, ಇವೆಲ್ಲ ಅವಳ ಪಾಲು. ಕೆಲಸ ಬಿಟ್ಟದ್ದೂ ಸಾಮಾನ್ಯವಾಗಿ ಅವಳೇ. ಅದಕ್ಕೆ ಪಟ್ಟಿಯಿಲ್ಲ.

ಈಗ ಪ್ರಾಯದವರ ಕಡೆ ಬರೋಣ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಗಾಯಗೊಂಡವರೆಂದು ಸರ್ಕಾರದ ಲೆಕ್ಕದಲ್ಲಿ ಬರೆದದ್ದು 4,43,366 ಮಂದಿ. ಅವರಲ್ಲಿ ಪೆಲ್ವಿಸ್, ಬಟ್ಟಲು ಒಡೆದವರು ಸಣ್ಣ ಪಾಲು, ಆದರೆ ಅತಿ ಹೆಚ್ಚು ಕಾಲ ನರಳುವವರ ಪಾಲು. ಬಟ್ಟಲಿನ ಮುರಿತವನ್ನು ಹೇಗೆ ಓದಬೇಕೆಂದು ವೈದ್ಯಲೋಕಕ್ಕೆ ಕಲಿಸಿದವರು ಫ್ರಾನ್ಸಿನ ರಾಬರ್ಟ್ ಜೂಡೆ ಮತ್ತು ಎಮಿಲ್ ಲೆಟೂರ್ನೆಲ್. 1964ರ ಅವರ ಲೇಖನದವರೆಗೆ ಈ ಮುರಿತಗಳನ್ನು ಕಾಲಿಗೆ ತೂಕ ಕಟ್ಟಿ ಎಳೆದು ಮಲಗಿಸುವುದೇ ಹೆಚ್ಚಾಗಿತ್ತು. ಒಡೆದ ಬಟ್ಟಲನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಯಾಗಿ ಜೋಡಿಸಬೇಕು, ಒಳಗೆ ಸಣ್ಣ ಮೆಟ್ಟಿಲು ಉಳಿದರೂ ಚೆಂಡು ಅದಕ್ಕೆ ಉಜ್ಜಿ ಉಜ್ಜಿ ಕೀಲು ಸವೆಯುತ್ತದೆ ಎಂಬುದು ಅವರ ಪಾಠ. ಲೆಟೂರ್ನೆಲ್ ಹಾದಿಯಲ್ಲೇ ನಡೆದ ಅಮೆರಿಕದ ಜೋಯಲ್ ಮಟ್ಟಾ ಆಪರೇಷನ್ ಮಾಡಿದ 816 ಮುರಿತಗಳ ಲೆಕ್ಕ 2012ರಲ್ಲಿ ಬಂತು. ಇಪ್ಪತ್ತು ವರ್ಷದ ಹೊತ್ತಿಗೂ ಶೇ. 79ರಷ್ಟು ಕೀಲುಗಳು ಬದಲಿಸುವ ಗತಿ ಬರದೆ ಉಳಿದಿದ್ದವು. ಹಾಗೆ ಒಡೆದ ಕೀಲಿಗೆ ಇದು ಬಹಳ ದೊಡ್ಡ ಮಾತು. ಆದರೂ ಗಮನಿಸಿ, ಎಣಿಸಿದ್ದು ಕೀಲು ಉಳಿಯಿತೇ ಎಂದು.

ಕೀಲು ಉಳಿದರೂ, ಅದರ ಹಿಂದೆಯೇ ಹಾದುಹೋಗುವ ದೊಡ್ಡ ನರಕ್ಕೆ ಪೆಟ್ಟಾದರೆ ಪಾದ ಮೇಲೆತ್ತಲು ಬಾರದೆ ಜೋತುಬೀಳುತ್ತದೆ. ಅದಕ್ಕೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕೊಡುತ್ತಾರೆ, ಹಿಮ್ಮಡಿಯಿಂದ ಮೀನಖಂಡದವರೆಗೆ ಕಟ್ಟಿಕೊಂಡು ಬೂಟಿನೊಳಗೆ ತೂರಿಸುವಂಥದು. ಬೂಟು ಹಾಕಿಕೊಂಡೇ ಇರುವ ದೇಶಕ್ಕೆ ಅದು ಸರಿ. ನಾವು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತೇವೆ, ಗುಡಿಯಲ್ಲಿ ಬಿಡುತ್ತೇವೆ, ಎಷ್ಟೋ ಕಡೆ ಅಂಗಡಿಯಲ್ಲೂ ಬಿಡುತ್ತೇವೆ. ಬಿಟ್ಟ ಕೂಡಲೇ ಪಟ್ಟಿ ನುಣುಪು ನೆಲದ ಮೇಲೆ ಜಾರುತ್ತದೆ. ಆದ್ದರಿಂದ ಮನೆಯೊಳಗೆ ಅದನ್ನು ಕಟ್ಟುವುದೇ ಇಲ್ಲ, ಬೆರಳು ಎಡವಿಸಿಕೊಂಡು ಓಡಾಡುತ್ತಾರೆ.

ಪೆಲ್ವಿಸ್ ಮುರಿದವರಿಗೆಂದೇ 1989ರಲ್ಲಿ ಮಜೀದ್ ಎಂಬ ವೈದ್ಯರು ಬೇರೊಂದು ಪಟ್ಟಿ ಮಾಡಿದರು. ನೋವಿಗೆ 30, ನಿಲ್ಲುವುದು ನಡೆಯುವುದಕ್ಕೆ 36, ಕೆಲಸಕ್ಕೆ 20, ಕೂರುವುದಕ್ಕೆ 10, ಲೈಂಗಿಕ ಜೀವನಕ್ಕೆ 4. ಕೂರುವುದಕ್ಕೆ ಪ್ರತ್ಯೇಕ ಅಂಕ ಇಟ್ಟದ್ದು ಮೆಚ್ಚಬೇಕಾದದ್ದು. ಬಳೆ ಓರೆಯಾಗಿ ಕೂಡಿದರೆ ಕೂತಾಗ ಭಾರವೆಲ್ಲ ಒಂದೇ ಪಿರ್ರೆಯ ಮೇಲೆ ಬೀಳುತ್ತದೆ, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕಾಗುತ್ತದೆ. ಆಟೊ ಓಡಿಸುವವನಿಗೆ, ಹೊಲಿಗೆ ಯಂತ್ರ ತುಳಿಯುವವಳಿಗೆ ಅಲ್ಲಿಗೆ ದುಡಿಮೆ ಮುಗಿಯಿತು.

ಆ ಕೊನೆಯ 4 ಅಂಕದ ಬಗ್ಗೆ ಕೊಂಚ ಹೇಳಬೇಕು. ಮೂತ್ರನಾಳ ಹರಿದ ಗಂಡಸರಲ್ಲಿ, ಬೆನ್ನೆಲುಬಿನ ಬುಡದ ಸೇಕ್ರಮ್ ಮೂಳೆಯ ಬಳಿಯ ನರಗಳಿಗೆ ಪೆಟ್ಟಾದವರಲ್ಲಿ ನಿಮಿರು ದೌರ್ಬಲ್ಯ ಬರುವುದು ಅಪರೂಪವೇನಲ್ಲ. ಹೆಂಗಸರಲ್ಲಿ ಸಂಭೋಗದ ವೇಳೆ ನೋವು, ಮೂತ್ರ ಹಿಡಿಯಲಾಗದಿರುವುದು ವರ್ಷಗಟ್ಟಲೆ ಉಳಿಯಬಹುದು. ಇಪ್ಪತ್ತೈದರ ಹುಡುಗನಿಗೆ, ಮದುವೆಯಾಗಿ ವರ್ಷ ತುಂಬದ ಹುಡುಗಿಗೆ ಇದು ನೂರರಲ್ಲಿ ನಾಲ್ಕಲ್ಲ. ಸಾಲಾಗಿ ಮಂಚ ಹಾಕಿದ ವಾರ್ಡಿನಲ್ಲಿ, ಅಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿರುವಾಗ, ಯಾವ ವೈದ್ಯರೂ ಇದನ್ನು ಕೇಳುವುದಿಲ್ಲ, ಯಾವ ಹುಡುಗನೂ ಹೇಳುವುದಿಲ್ಲ. ಎಷ್ಟೋ ಪ್ರಬಂಧಗಳಲ್ಲಿ ಆ ಒಂದು ಕಲಮನ್ನು ಬಿಟ್ಟು 96ಕ್ಕೆ ಅಂಕ ಲೆಕ್ಕ ಹಾಕುವುದುಂಟು. ಮುಜುಗರ ನಮ್ಮದು, ನಷ್ಟ ಅವರದು. ಔಷಧಿಯಿಂದ, ಮೂತ್ರರೋಗ ತಜ್ಞರ ನೆರವಿನಿಂದ ಬಹಳಷ್ಟು ಮಂದಿಗೆ ಅನುಕೂಲವಾಗುತ್ತದೆ. ಮೊದಲು ಬಾಯಿ ಬಿಡಬೇಕು. ಹಾಗೆಯೇ, 'ಪೆಲ್ವಿಸ್ ಮುರಿದವಳಿಗೆ ಮಕ್ಕಳಾಗುವುದಿಲ್ಲ' ಎಂದು ಸಂಬಂಧ ಮುರಿಯುವವರಿದ್ದಾರೆ. ಇದು ಸುಳ್ಳು. ಗರ್ಭ ನಿಲ್ಲುತ್ತದೆ, ಎಷ್ಟೋ ಮಂದಿಗೆ ಸಹಜ ಹೆರಿಗೆಯೂ ಆಗುತ್ತದೆ. ಬಳೆಯ ಆಕಾರ ತೀರ ಬದಲಾಗಿದ್ದರೆ, ಅಥವಾ ವೈದ್ಯರು ಎಚ್ಚರಿಕೆಗೆಂದು, ಸಿಸೇರಿಯನ್ ಆಗುವ ಸಾಧ್ಯತೆ ಹೆಚ್ಚು, ಅಷ್ಟೆ.

ದುಡಿಮೆಯ ನಷ್ಟಕ್ಕೆ ಬೆಲೆ ಕಟ್ಟುವ ಕೆಲಸ ಆಸ್ಪತ್ರೆಯಿಂದ ಕೋರ್ಟಿಗೆ ಹೋಗುತ್ತದೆ. ಮೋಟಾರು ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ ವೈದ್ಯರು ಸಾಕ್ಷಿಕಟ್ಟೆಗೆ ಬಂದು 'ಈ ಕಾಲಿಗೆ ಶೇ. 36 ನ್ಯೂನತೆ' ಎನ್ನುತ್ತಾರೆ. ನಮ್ಮ ನ್ಯಾಯಮಂಡಳಿಗಳಲ್ಲಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ನ್ಯೂನತೆ ಎಂದು ಹಿಡಿಯುವ ರೂಢಿಯಿದೆ. ಹಾಗೆ 36 ಎಂಬುದು 12 ಆಗುತ್ತದೆ, ಪರಿಹಾರವೂ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಈ ಯಾಂತ್ರಿಕ ಲೆಕ್ಕವನ್ನು ಸುಪ್ರೀಂ ಕೋರ್ಟ್ 2010ರಲ್ಲೇ ಒಪ್ಪಲಿಲ್ಲ. ಆ ತೀರ್ಪಿನ ಹೆಸರು 'ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್'. ದೇಹದ ನ್ಯೂನತೆ ಬೇರೆ, ಅದರಿಂದ ಆ ಮನುಷ್ಯನ ಗಳಿಕೆಗೆ ಆಗುವ ಪೆಟ್ಟು ಬೇರೆ, ಅವನು ಮಾಡುತ್ತಿದ್ದ ಕೆಲಸ ಯಾವುದು, ಈಗ ಏನು ಮಾಡಬಲ್ಲ ಎಂದು ನೋಡಿ ನಿರ್ಧರಿಸಬೇಕು ಎಂದಿತು ನ್ಯಾಯಾಲಯ. ಎಡಗೈ ಹೋದರೆ ಬಡಗಿಗೋ ಚಾಲಕನಿಗೋ ಹೆಚ್ಚುಕಡಿಮೆ ಪೂರ್ತಿ ದುಡಿಮೆಯೇ ಹೋದಂತೆ, ಗುಮಾಸ್ತನಿಗೆ ಹಾಗಾಗಬೇಕಿಲ್ಲ ಎಂಬ ಉದಾಹರಣೆಯನ್ನೂ ಕೊಟ್ಟಿತು. ಸೊಂಟ ಬಿಗಿದ ಗಾರೆ ಕೆಲಸದವನಿಗೆ, ಮೀನು ಮಾರುವವಳಿಗೆ ಈ ತೀರ್ಪು ನೇರವಾಗಿ ಅನ್ವಯಿಸುತ್ತದೆ. ಆದರೆ ಅದನ್ನು ಬಳಸಿಕೊಳ್ಳಬೇಕಾದರೆ ವೈದ್ಯರು ಶೇಕಡಾವಾರು ಹೇಳಿ ಇಳಿದುಬಿಡದೆ, 'ಈತ ಕುಕ್ಕರಗಾಲಿನಲ್ಲಿ ಕೂರಲಾರ, ಸಾರುವೆ ಹತ್ತಲಾರ, ತಲೆಯ ಮೇಲೆ ಬಾಣಲೆ ಹೊತ್ತು ನಡೆಯಲಾರ' ಎಂದು ದಾಖಲೆಯಲ್ಲಿ ಬರೆಸಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಹೆಚ್ಚಿನ ಸವಲತ್ತುಗಳಿಗೆ ಶೇ. 40ರ ಗೆರೆ ದಾಟಬೇಕು. ಸೊಂಟದ ಎಷ್ಟೋ ಮಂದಿ ಆ ಗೆರೆಯ ಕೆಳಗೇ ಉಳಿಯುತ್ತಾರೆ: ಸವಲತ್ತು ಸಿಗದಷ್ಟು ಚೆನ್ನಾಗಿದ್ದಾರೆ, ಕೆಲಸ ಸಿಗದಷ್ಟು ಕೆಟ್ಟಿದ್ದಾರೆ.

ಮರದಿಂದ ಬಿದ್ದವನಿಗೆ ಈ ಮೊಕದ್ದಮೆಯೂ ಇಲ್ಲ. ಶಿರಸಿ, ಸಾಗರದ ಕಡೆ ಅಡಿಕೆ ಕೊನೆ ಕೊಯ್ಯುವ ಒಬ್ಬ ಕೊನೆಗೌಡನನ್ನು ಊಹಿಸಿಕೊಳ್ಳಿ. ಮೂವತ್ತೆರಡು ವರ್ಷ. ಮರದಿಂದ ಮರಕ್ಕೆ ಜೀಕಿ ದಾಟಿ, ಕೆಳಗಿಳಿಯದೆ ಹತ್ತಾರು ಮರದ ಕೊನೆ ಇಳಿಸುತ್ತಿದ್ದವನು. ಬಿದ್ದ, ತೊಡೆಮೂಳೆಯ ಕತ್ತು ಮುರಿಯಿತು. ಪ್ರಾಯದವನೆಂದು ಚೆಂಡನ್ನು ಉಳಿಸಿಕೊಳ್ಳಲು ಸ್ಕ್ರೂ ಹಾಕಿದರು. ಆರು ತಿಂಗಳಿಗೆ ಎಕ್ಸ್‌ರೇ ಚೆನ್ನಾಗಿದೆ ಎಂದರು. ಕಾರ್ಬನ್ ಫೈಬರ್ ದೋಟಿ ಬಂದಿರುವುದರಿಂದ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಕೆಲಸಕ್ಕೂ ಸೇರಿಕೊಂಡ. ಒಂದೂವರೆ ಎರಡು ವರ್ಷದ ಮೇಲೆ ತೊಡೆಸಂದಿಯಲ್ಲಿ ನೋವು ಶುರುವಾಗುತ್ತದೆ. ಹಳೆಯ ಪೆಟ್ಟು, ಚಳಿಗೆ ನೋಯುತ್ತದೆ ಎಂದು ಎಣ್ಣೆ ಹಚ್ಚಿಕೊಳ್ಳುತ್ತಾನೆ. ಅಲ್ಲಿ ಆಗುತ್ತಿರುವುದು ಬೇರೆ. ರಕ್ತ ಸಿಗದ ಚೆಂಡು ಒಳಗೊಳಗೇ ಸತ್ತು ಕುಸಿಯುತ್ತಿದೆ. ಮುರಿತ ಕೂಡಿದ ಮೇಲೂ ಎರಡು ವರ್ಷದವರೆಗೆ, ಕೆಲವೊಮ್ಮೆ ಇನ್ನೂ ತಡವಾಗಿ ಇದು ಬರಬಹುದು. ತೊಡೆಸಂದಿಯ ಹೊಸ ನೋವಿಗೆ ಹೊಸ ಎಕ್ಸ್‌ರೇ ಬೇಕೇ ಬೇಕು, ಶುರುವಿನಲ್ಲಿ ಅದರಲ್ಲೂ ಕಾಣದಿದ್ದರೆ ಎಂಆರ್‌ಐ.

ಕುಸಿದ ಮೇಲೆ ಉಳಿಯುವ ದಾರಿ ಹೆಚ್ಚಾಗಿ ಕೀಲು ಬದಲಾವಣೆ. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1962ರಲ್ಲಿ ಹಾಕಿಕೊಟ್ಟ ಹಾದಿಯಿದು, ವೈದ್ಯಕೀಯದ ದೊಡ್ಡ ಯಶಸ್ಸುಗಳಲ್ಲಿ ಒಂದು. ನೋವು ಹೋಗುತ್ತದೆ. ಆದರೆ ಎರಡು ತೊಡಕುಗಳಿವೆ. 2019ರ ಲ್ಯಾನ್ಸೆಟ್ ವರದಿಯ ಪ್ರಕಾರ ಬದಲಿಸಿದ ಕೀಲುಗಳಲ್ಲಿ ಶೇ. 58ರಷ್ಟು 25 ವರ್ಷ ಬಾಳುತ್ತವೆ, ಮತ್ತು ಆ ಲೆಕ್ಕದಲ್ಲಿದ್ದವರು ಬಹುಪಾಲು ವಯಸ್ಸಾದವರು. ಮೂವತ್ತನಾಲ್ಕರಲ್ಲಿ ಹಾಕಿಸಿಕೊಂಡವನು ಮುಂದೊಮ್ಮೆ ಮತ್ತೆ ಮೇಜಿನ ಮೇಲೆ ಮಲಗುವ ಸಂಭವವೇ ಹೆಚ್ಚು. ಎರಡನೆಯದು ಆ ಹಳೆಯ ನೆಲದ ಪ್ರಶ್ನೆ. ಹಿಂದಿನಿಂದ ಕೊಯ್ದು ಕೂರಿಸಿದ ಕೀಲು, ತೊಡೆಯನ್ನು ಬಹಳ ಮಡಚಿ ಒಳಕ್ಕೆ ತಿರುಗಿಸಿದರೆ ಜಾರಿ ಹೊರಬರಬಹುದು. ಹೀಗಾಗಿ 'ಕೆಳಗೆ ಕೂರಬೇಡಿ, ಕುಕ್ಕರಗಾಲು ಬೇಡ, ಕಾಲ ಮೇಲೆ ಕಾಲು ಹಾಕಬೇಡಿ' ಎಂಬ ಮೂರು ಬೇಡಗಳು. ಇದನ್ನು ರೋಗಿಗೆ ಹೇಳುವುದು ಸಾಮಾನ್ಯವಾಗಿ ಹೊಲಿಗೆ ಬಿಚ್ಚುವ ದಿನ.

ಆ ಮಾತು ಆಗಬೇಕಾದ್ದು ಆಪರೇಷನ್ನಿಗೆ ಮೊದಲು. ಮನೆಯಲ್ಲಿ ಯಾವ ಕಕ್ಕಸು, ದುಡಿಮೆ ಯಾವುದು, ಊರಿಗೆ ಬರುವ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ, ಕೆಳಗೆ ಕೂರದೆ ನಡೆಯದ ಕೆಲಸ ದಿನದಲ್ಲಿ ಎಷ್ಟಿದೆ ಎಂದು ರೋಗಿ ಹೇಳಬೇಕು, ವೈದ್ಯರು ಕೇಳಿಸಿಕೊಳ್ಳಬೇಕು. ಇದು ಸೌಜನ್ಯದ ಮಾತಲ್ಲ. ಸಣ್ಣ ಚೆಂಡಿಗಿಂತ 36 ಮಿಲಿಮೀಟರಿನಂಥ ದೊಡ್ಡ ಚೆಂಡು ಜಾರುವುದು ಕಡಿಮೆ. ಮುಂದಿನಿಂದ ಕೊಯ್ದು ಹಾಕಿದರೆ ಹಿಂದಕ್ಕೆ ಜಾರುವ ಭಯ ಇಳಿಯುತ್ತದೆ. ಬಟ್ಟಲನ್ನು ಎಷ್ಟು ಓರೆಯಾಗಿ ಕೂರಿಸಬೇಕೆಂಬುದೂ ರೋಗಿ ಹೇಗೆ ಕೂರುವವನು ಎಂಬುದರ ಮೇಲಿದೆ. ಕೆಲವು ಮುರಿತಗಳಲ್ಲಿ ಈ ಆಯ್ಕೆಗಳು ಇರುವುದಿಲ್ಲ. ಇದ್ದಲ್ಲಿ, ಅವೆಲ್ಲ ಮುಗಿಯುವುದು ಥಿಯೇಟರಿನ ಬಾಗಿಲು ಮುಚ್ಚುವ ಮುಂಚೆ.